ಚಲಿಸುವ ರೇಖಾಚಿತ್ರಗಳಲ್ಲಿ ಅಕ್ಷಮಾನದ ಭಗ್ನಪ್ರಕ್ರಮ

ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ವಾಕ್ಯದೋಷಗಳನ್ನೆಣಿಸುವಾಗ ಭಗ್ನಪ್ರಕ್ರಮವೆಂಬ ದೋಷವೊಂದನ್ನು ಹೇಳಿರುವನು. ಒಂದು ಕ್ರಮದಿಂದ ಉಪಕ್ರಮಿಸಿದ ಮಾತನ್ನು ನಡುವೆ ಕಾರಣವಿಲ್ಲದೆ ಮತ್ತೊಂದು ಕ್ರಮಕ್ಕೆ ತಿರುಗಿಸುವುದೇ ಈ ದೋಷ. ಅವನಿಗಿಂತ ಹಿಂದಿನ ಮಹಿಮಭಟ್ಟನು ವ್ಯಕ್ತಿವಿವೇಕದಲ್ಲಿ ಇದನ್ನೇ ಪ್ರಕ್ರಮಭೇದವೆಂಬ ಹೆಸರಿನಿಂದ ವಿಸ್ತಾರವಾಗಿ ವಿಚಾರಿಸಿದ್ದಾನೆ. ಪಾಠಶಾಲೆಗಳಲ್ಲಿ ಇದನ್ನು ಶಬ್ದಕ್ಕೆ ಸಂಬಂಧಪಟ್ಟ ದೋಷವೆಂದೇ ಹೇಳಿಕೊಡುತ್ತಾರೆ, ಉದಾಹರಣೆಗಳೂ ಶಬ್ದದವೇ. ಆದರೆ ಈಚೆಗೆ ಗಣಕಯಂತ್ರದ ಮೂಲಕ ಬರೆದು ತೆರೆಯ ಮೇಲೆ ಓಡಿಸುವ ರೇಖಾಚಿತ್ರಗಳನ್ನು ನೋಡುತ್ತ ಬಂದಂತೆಲ್ಲ, ಈ ದೋಷವು ಅಕ್ಷರವೇ ಇಲ್ಲದ ಕಡೆಯಲ್ಲಿ ಇನ್ನೂ ಬಲವಾಗಿ ನೆಲೆಸಿದೆಯೆಂಬ ನಿಶ್ಚಯವು ನನಗಾಗಿದೆ. ಕಾಲೇಜುಗಳಲ್ಲಿ ಗಣಿತಕ್ಕೂ ಚರಿತ್ರೆಗೂ ಅರ್ಥಶಾಸ್ತ್ರಕ್ಕೂ ಇಂಥ ಚಿತ್ರಗಳೇ ಇಂದು ವ್ಯಾಖ್ಯಾನಗಳಾಗಿರುವುದರಿಂದ, ವ್ಯಾಖ್ಯಾನದ ಗುಣದೋಷಗಳನ್ನು ನೋಡುವುದು ಸಾಹಿತ್ಯದವರ ಕೆಲಸವಲ್ಲವೆಂದು ಯಾರೂ ಹೇಳಲಾರರು.

ಮೊದಲು ಪರಿಭಾಷೆ. ಅಡ್ಡಲಾಗಿ ಒಂದು, ನಿಲುವಾಗಿ ಒಂದು, ಹೀಗೆ ಎರಡು ಅಕ್ಷಗಳನ್ನೆಳೆದು ಅವುಗಳ ನಡುವೆ ಗೆರೆಯೊಂದನ್ನು ಬರೆಯುತ್ತೇವೆ. ಅಕ್ಷದ ಮೇಲಿನ ಒಂದಂಗುಲವು ಎಷ್ಟು ರೂಪಾಯಿ, ಎಷ್ಟು ವರ್ಷ, ಎಷ್ಟು ಡಿಗ್ರಿ ಎಂಬುದಾಗಿ ಬರೆದವನಿಗೂ ನೋಡುವವನಿಗೂ ಆಗುವ ಒಡಂಬಡಿಕೆಯನ್ನು ಅಕ್ಷಮಾನವೆನ್ನೋಣ. ಚಿತ್ರವು ಕಾಗದದ ಮೇಲೆ ನಿಶ್ಚಲವಾಗಿರುವ ತನಕ ಈ ಒಡಂಬಡಿಕೆ ಒಂದು ಸಲ ಆದರೆ ತೀರಿತು. ಅದೇ ಚಿತ್ರವನ್ನು ಸೆಕೆಂಡಿಗೆ ಇಪ್ಪತ್ತೈದರಂತೆ ಒಂದರ ಹಿಂದೊಂದು ತೋರಿಸಿದಾಗ, ಕಾಲವು ಮೂರನೆಯ ಅಕ್ಷವಾಗಿ, ಆದರೆ ಕಣ್ಣಿಗೆ ಕಾಣದ ಅಕ್ಷವಾಗಿ ಬಂದು ಸೇರುತ್ತದೆ. ಆಗ ನೋಡುವವನು ಮಾಡುವ ಕೆಲಸ ಒಂದೇ: ಹಿಂದಿನ ಚಿತ್ರದ ಗೆರೆಯನ್ನು ಮುಂದಿನ ಚಿತ್ರದ ಗೆರೆಯೊಡನೆ ಹೋಲಿಸುವುದು. ಹೋಲಿಕೆಗೆ ಸಾಧಾರಣಧರ್ಮ ಬೇಕು. ಆ ಸಾಧಾರಣಧರ್ಮವೇ ಅಕ್ಷಮಾನ. ಚಿತ್ರಕ್ಕೊಂದು ಮಾನವಾದರೆ ಹೋಲಿಕೆಯ ತಳವೇ ಕುಸಿಯಿತು.

ಹಾಗಾದರೆ ಮಾನವು ತಾನಾಗಿ ಏಕೆ ಬದಲಾಗುತ್ತದೆ? ಬರೆಯುವವನ ಕಪಟದಿಂದಲ್ಲ, ಯಂತ್ರದ ಉಪಚಾರದಿಂದ. ಕ್ಲೀವ್ ಮೋಲರ್ ಎಂಬ ಗಣಿತಜ್ಞನು ರಚಿಸಿ 1984ರಿಂದ ಮಾರಾಟಕ್ಕೆ ಬಂದ ಮ್ಯಾಟ್‌ಲ್ಯಾಬ್ ಎಂಬ ತಂತ್ರಾಂಶದಲ್ಲಿ, ಗೆರೆಯನ್ನು ಬರೆಯೆಂದು ಆಜ್ಞಾಪಿಸಿದ ಪ್ರತಿಯೊಂದು ಸಲವೂ ಅದು ಹಳೆಯ ಚೌಕಟ್ಟಿನ ಮಾನವನ್ನು ಅಳಿಸಿ, ಹೊಸ ಅಂಕಿಗಳಿಗೆ ತಕ್ಕಂತೆ ಹೊಸದಾಗಿ ಅಳತೆ ತೆಗೆದುಕೊಳ್ಳುತ್ತದೆ. ಬಿಡಿ ಚಿತ್ರಕ್ಕೆ ಇದು ದೊಡ್ಡ ಉಪಕಾರ; ಗೆರೆಯು ಚೌಕಟ್ಟಿನ ತುಂಬ ಚೆನ್ನಾಗಿ ಕೂರುತ್ತದೆ. ಓಡುವ ಚಿತ್ರಕ್ಕೆ ಇದೇ ಅಪಕಾರ. ಬೇಕಾದರೆ ನಿಲ್ಲಿಸಲು ಉಪಾಯವಿಲ್ಲದಿಲ್ಲ. ಆದರೆ ಕಲಿಯುವವರು ಇಲ್ಲಿ ಸಾಮಾನ್ಯವಾಗಿ ಎಡವುತ್ತಾರೆ: ಮೊದಲೊಂದು ಸಲ ಎಲ್ಲೆಗಳನ್ನು ಗೊತ್ತುಮಾಡಿ, ಇನ್ನು ನಿಶ್ಚಿಂತೆಯೆಂದು ಆವರ್ತದೊಳಗೆ ಗೆರೆ ಬರೆಯತೊಡಗುತ್ತಾರೆ, ಮುಂದಿನ ಬರೆಯುವ ಆಜ್ಞೆಯೇ ಆ ಗೊತ್ತುವಳಿಯನ್ನು ಒರಸಿಹಾಕುತ್ತದೆ. ಹೋಲ್ಡ್ ಎಂಬ ಆಜ್ಞೆಯಿಂದ ಹಳೆಯ ಗೆರೆಗಳು ಉಳಿಯುವುವೇ ಹೊರತು, ಎಲ್ಲೆಗಳನ್ನು ತಾವು ಗೊತ್ತುಮಾಡದೆ ಯಂತ್ರಕ್ಕೆ ಬಿಟ್ಟಿದ್ದರೆ ಅವು ಬೆಳೆಯುತ್ತಲೇ ಹೋಗುವುವು. ಆಕ್ಸಿಸ್ ಮ್ಯಾನ್ಯುಅಲ್ ಎಂದು ಹೇಳಿ ಮಾನವನ್ನು ಹೆಪ್ಪುಗಟ್ಟಿಸಿ, ಅಕ್ಷದ ಉಳಿದ ಗುಣಗಳನ್ನು ಬಿಟ್ಟು ಗೆರೆಗಳನ್ನು ಮಾತ್ರ ಬದಲಿಸುವಂತೆ ವಿಧಿಸಬೇಕು. ಇಲ್ಲವೆ ಗೆರೆಯನ್ನು ಒಂದೇ ಸಲ ಬರೆದು, ಆಮೇಲೆ ಅದರ ಅಂಕಿಗಳನ್ನಷ್ಟೇ ತಿದ್ದುತ್ತ ಹೋಗಬೇಕು. ಈ ಎರಡನೆಯದು ನನಗೆ ಹೆಚ್ಚು ಹಿಡಿಸುತ್ತದೆ. ನಟನು ಬದಲಾಗದೆ ಅಭಿನಯ ಮಾತ್ರ ಬದಲಾದಂತೆ ಇರುತ್ತದೆ. ಜಾನ್ ಹಂಟರನು ಪೈಥಾನ್ ಭಾಷೆಗಾಗಿ ಕಟ್ಟಿದ ಮ್ಯಾಟ್‌ಪ್ಲಾಟ್‌ಲಿಬ್ ಎಂಬುದರಲ್ಲಿ ಸ್ವಭಾವ ಸ್ವಲ್ಪ ಬೇರೆ. ಅಲ್ಲಿ ಗೆರೆಯ ಅಂಕಿಗಳನ್ನು ತಿದ್ದಿದರೆ ಮಾನವು ತಾನಾಗಿ ಕದಲುವುದಿಲ್ಲ. ಹಾಗಾಗಿ ಗೆರೆಯೇ ಚೌಕಟ್ಟಿನಾಚೆಗೆ ಓಡಿಹೋಗಬಹುದು. ಅಷ್ಟು ಕಂಡ ಕೂಡಲೇ ಹೆದರಿ ಪ್ರತಿಯೊಂದು ಚಿತ್ರಕ್ಕೂ ಅಕ್ಷವನ್ನೇ ಅಳಿಸಿ ಬರೆಯುವವರುಂಟು. ಅವರು ಒಂದು ದೋಷದಿಂದ ಪಾರಾಗಿ ಇನ್ನೊಂದರಲ್ಲಿ ಬೀಳುತ್ತಾರೆ.

ಈ ಭ್ರಾಂತಿಯ ಸ್ವರೂಪವನ್ನು ನಮ್ಮ ದೇಶದವರು ಬಹುಕಾಲದ ಹಿಂದೆಯೇ ಗುರುತಿಸಿದ್ದರು. 499ರ ಸುಮಾರಿನಲ್ಲಿ ರಚಿತವಾದ ಆರ್ಯಭಟೀಯದ ಗೋಲಪಾದದಲ್ಲಿ, ಮುಂದಕ್ಕೆ ಸಾಗುವ ದೋಣಿಯಲ್ಲಿರುವವನಿಗೆ ದಡದ ಅಚಲವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುವ ದೃಷ್ಟಾಂತವಿದೆ. ಅಚಲವಾದ ನಕ್ಷತ್ರಗಳು ಪಶ್ಚಿಮಕ್ಕೆ ಹೋಗುವಂತೆ ತೋರುವುದು ಹಾಗೆಯೇ ಎಂಬುದು ಅಲ್ಲಿನ ಅಭಿಪ್ರಾಯ. ಬ್ರಹ್ಮಗುಪ್ತಾದಿಗಳು ಭೂಭ್ರಮಣವನ್ನು ಒಪ್ಪದೆ ಖಂಡಿಸಿದರೆಂಬುದು ಬೇರೆ ಮಾತು. ದೃಷ್ಟಾಂತದ ಬಲ ಕುಂದಲಿಲ್ಲ. ಮಾನವು ಚಲಿಸುವ ರೇಖಾಚಿತ್ರದಲ್ಲಿ ನೋಡುವವನು ದೋಣಿಯಲ್ಲಿ ಕುಳಿತಿರುವನು. ತಾನು ಕುಳಿತಿರುವುದು ದೋಣಿಯೆಂದು ಮಾತ್ರ ಅವನಿಗೆ ತಿಳಿಯದು.

ಗಣಿತದಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಮ್ಮೆ +1, ಒಮ್ಮೆ -1 ಎಂದು ನೆಗೆಯುವ ಚೌಕದ ಅಲೆಯನ್ನು ಫೂರ್ಯೆಯ ಕ್ರಮದಲ್ಲಿ ಸೈನ್ ಅಲೆಗಳನ್ನು ಕೂಡಿಸಿ ಕಟ್ಟುತ್ತಾರೆ. ಒಂದೇ ಪದವಿದ್ದಾಗ ಅಲೆಯ ತುದಿ 1.273ರ ಎತ್ತರಕ್ಕೆ ಏರುತ್ತದೆ. ಎರಡು ಪದಗಳಿದ್ದಾಗ 1.200ಕ್ಕೆ, ಪದಗಳು ಹೆಚ್ಚಿದಂತೆ ಅದು 1.179ರ ಬಳಿ ನಿಂತುಬಿಡುತ್ತದೆ. ನೆಗೆತದ ಪಕ್ಕದ ಈ ಕೊಂಬು ಎಷ್ಟು ಪದಗಳನ್ನು ಸೇರಿಸಿದರೂ ಅಳಿಯುವುದಿಲ್ಲ, ತೆಳ್ಳಗಾಗುತ್ತದೆ ಅಷ್ಟೆ. ವಿಲ್‌ಬ್ರಹಾಮನು 1848ರಲ್ಲಿಯೇ ಇದನ್ನು ಕಂಡಿದ್ದರೂ, 1899ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದ ಗಿಬ್ಸನ ಹೆಸರಿನಿಂದಲೇ ಇದು ಪ್ರಸಿದ್ಧ. ಈಗ ಈ ಚಿತ್ರವನ್ನು, ತುದಿಯು ಯಾವಾಗಲೂ ಚೌಕಟ್ಟಿನ ಮೇಲಂಚಿಗೆ ಮುಟ್ಟುವಂತೆ, ಯಂತ್ರವು ಮಾನವನ್ನು ಹೊಂದಿಸಿಕೊಳ್ಳಲು ಬಿಟ್ಟು ಓಡಿಸಿರಿ. ಕೊಂಬಿನ ತುದಿ ಮೇಲಂಚಿನಲ್ಲಿ ಅಲುಗಾಡದೆ ನಿಂತಿರುತ್ತದೆ. ಎತ್ತರ 1ರಲ್ಲಿ ಎಳೆದ, ಎಂದೂ ಕದಲಬಾರದ ಗೆರೆಯು ಮಾತ್ರ ನಡುಗೆರೆಯಿಂದ ಅಂಚಿನವರೆಗಿನ ಎತ್ತರದಲ್ಲಿ ನೂರರಲ್ಲಿ 79 ಭಾಗದಿಂದ 85 ಭಾಗಕ್ಕೆ ಏರುತ್ತ ಹೋಗುತ್ತದೆ. ಇಳಿಯುವುದು ನಿಂತಿತು, ನಿಂತಿದ್ದುದು ಏರಿತು. ಗುರಿಯೇ ಅಲೆಯ ಕಡೆಗೆ ಬರುತ್ತಿದೆಯೆಂದು ವಿದ್ಯಾರ್ಥಿಯು ಹೇಳಿದರೆ ಅವನ ತಪ್ಪೇನು? ಅವನು ಕಂಡುದನ್ನೇ ಹೇಳಿದನು.

ಇದಕ್ಕಿಂತಲೂ ವಿಚಿತ್ರವಾದುದು ಕಾದ ಸರಳಿನ ಉದಾಹರಣೆ. ಎರಡು ತುದಿಗಳನ್ನೂ ಮಂಜುಗಡ್ಡೆಯಲ್ಲಿಟ್ಟು, ನಡುವೆ 100 ಡಿಗ್ರಿಗೆ ಏರಿ ಕಮಾನಿನಂತೆ ಬಾಗಿದ ಶಾಖರೇಖೆಯಿರುವ ಸರಳು ಆರುತ್ತಿದೆಯೆನ್ನೋಣ. ಆ ಕಮಾನು ಶುದ್ಧವಾದ ಸೈನ್ ಆಕಾರದ್ದಾಗಿದ್ದರೆ, ಸಮನಾದ ಕಾಲದಲ್ಲಿ ಸಮನಾದ ಪಾಲಿನಷ್ಟು ತಗ್ಗುತ್ತದೆ. 100, 50, 25 ಹೀಗೆ. ಆಕಾರವು ಬದಲಾಗುವುದೇ ಇಲ್ಲ. ಗೆರೆಗೆ ಬಿಗಿಯಾಗಿ ಮಾನವನ್ನು ಹೊಂದಿಸುವ ಯಂತ್ರವು ಇದರ ಅರುವತ್ತು ಚಿತ್ರಗಳನ್ನು ಬರೆದರೆ, ಅರುವತ್ತೂ ಒಂದೇ. ಸರಳು ತಣ್ಣಗಾದ ಕಥೆಯೆಲ್ಲವೂ ಎಡಗಡೆಯ ಸಣ್ಣ ಅಂಕಿಗಳಲ್ಲಿ ಹೂತುಹೋಯಿತು. ಎಲ್ಲೆಯನ್ನು ಗುಂಡಾದ ಅಂಕಿಗೆ ಏರಿಸಿ ಇಡುವ ಯಂತ್ರವಾದರೋ ಇನ್ನೊಂದು ಆಟವಾಡುತ್ತದೆ: ಕಮಾನು ಸ್ವಲ್ಪ ತಗ್ಗುತ್ತದೆ, ತಟ್ಟನೆ ಮೇಲಕ್ಕೆ ನೆಗೆಯುತ್ತದೆ, ಮತ್ತೆ ತಗ್ಗುತ್ತದೆ. ಸತ್ತ ಬಿಸಿಯು ಆಗಾಗ ಜೀವ ಪಡೆದಂತೆ ಇದು.

ಇಲ್ಲಿ ಪೂರ್ವಪಕ್ಷಿಯು ಹೇಳಬಹುದು: ಅಕ್ಷದ ಪಕ್ಕದಲ್ಲಿ ಅಂಕಿಗಳು ಬದಲಾಗುತ್ತಲೇ ಇರುತ್ತವಲ್ಲ, ಎಚ್ಚರದಿಂದ ನೋಡುವವನು ಮೋಸಹೋಗುವುದಿಲ್ಲ, ಆದಕಾರಣ ದೋಷವು ಚಿತ್ರದ್ದಲ್ಲ, ಪ್ರಮಾತೃವಿನದು ಎಂದು. ಇದು ಸಲ್ಲದು. ಗೆರೆಯನ್ನು ಕಾಣುವುದು ಪ್ರತ್ಯಕ್ಷ, ಅಂಕಿಯನ್ನೋದಿ ಎತ್ತರವನ್ನು ತಿಳಿಯುವುದು ಅನುಮಾನ. ಸೆಕೆಂಡಿನ ಇಪ್ಪತ್ತೈದರಲ್ಲೊಂದು ಭಾಗದಲ್ಲಿ ಮೊದಲನೆಯದಕ್ಕೆ ಅವಕಾಶವುಂಟು, ಎರಡನೆಯದಕ್ಕೆ ಇಲ್ಲ. ಅಲ್ಲದೆ, ಅಂಕಿಗಳನ್ನೇ ಓದಬೇಕೆಂದಾದರೆ ಪಟ್ಟಿಯೊಂದನ್ನು ಕೊಟ್ಟಿದ್ದರೆ ಸಾಕಾಗಿತ್ತು. ಚಿತ್ರವನ್ನು ಬರೆದುದೇಕೆ, ಅದನ್ನು ಓಡಿಸಿದುದೇಕೆ?

ಚಲನೆಯನ್ನು ಚಿತ್ರಿಸಿದ ಮೊದಲಿಗರಿಗೆ ಈ ವಿವೇಕವಿತ್ತು. ಫ್ರಾನ್ಸಿನ ಎತಿಯೆನ್-ಜ್ಯೂಲ್ ಮಾರೆಯು 1882ರಲ್ಲಿ, ಕಪ್ಪು ಹಿನ್ನೆಲೆಯ ಮುಂದೆ ಬಿಳಿಯುಡುಪಿನ ಮನುಷ್ಯನನ್ನು ನಡೆಸಿ, ಅವನ ಅನೇಕ ಕ್ಷಣಗಳನ್ನು ಒಂದೇ ಸ್ಥಿರವಾದ ಫಲಕದ ಮೇಲೆ ಮೂಡಿಸಿದನು. ಫಲಕವು ಒಂದೇ ಆದುದರಿಂದ ಹೆಜ್ಜೆಯ ಅಂತರವನ್ನು ಅಳತೆಪಟ್ಟಿಯಿಟ್ಟು ಅಳೆಯಬಹುದಾಗಿತ್ತು. ಅಮೆರಿಕದಲ್ಲಿ 1878ರಲ್ಲಿ ಕುದುರೆಯ ಓಟವನ್ನು ಸಾಲು ಕ್ಯಾಮೆರಾಗಳಿಂದ ಹಿಡಿದ ಮೈಬ್ರಿಜನಿಗೆ ಕ್ಷಣಕ್ಕೊಂದು ಫಲಕವಿದ್ದುದರಿಂದ, ಹಿಂದಿನ ಗೋಡೆಯ ಮೇಲೆ ಗೆರೆಗಳನ್ನೆಳೆದು ಅಂಕಿ ಬರೆಯಬೇಕಾಯಿತು.

ವೈದ್ಯರಲ್ಲಿ ಈ ಸಮಯವು ಇನ್ನೂ ದೃಢ. ಹೃದಯದ ವಿದ್ಯುತ್ತನ್ನು ಬರೆಯುವ ಇ.ಸಿ.ಜಿ. ಕಾಗದದಲ್ಲಿ ಒಂದು ಮಿಲಿವೋಲ್ಟಿಗೆ 10 ಮಿಲಿಮೀಟರು, ಒಂದು ಸೆಕೆಂಡಿಗೆ 25 ಮಿಲಿಮೀಟರು ಎಂಬುದು ರೂಢಿಯಾದ ಮಾನ. ಗೆರೆ ಗಿಡ್ಡವಾಗಿದ್ದರೆ ಆ ಗಿಡ್ಡತನವೇ ರೋಗದ ಕುರುಹಾಗಬಹುದು. ಪ್ರತಿಯೊಬ್ಬ ರೋಗಿಯ ಗೆರೆಯನ್ನೂ ಕಾಗದದ ತುಂಬ ಹಿಗ್ಗಿಸಿ ಅಂದಗೊಳಿಸುವ ಯಂತ್ರವೊಂದಿದ್ದರೆ, ಎಲ್ಲರ ಹೃದಯವೂ ಒಂದೇ ಬಲದಿಂದ ಮಿಡಿಯುವಂತೆ ತೋರೀತು. ಗೆರೆಯು ಬಹಳ ಎತ್ತರವಾಗಿ ಮಾನವನ್ನು ಅರ್ಧಕ್ಕಿಳಿಸಬೇಕಾದಾಗ, ಬದಿಯಲ್ಲಿ ಬರೆಯುವ ಅಳತೆಯ ಚೌಕಗುರುತೂ ಅರ್ಧಕ್ಕಿಳಿಯುತ್ತದೆ. ಮಾನಭೇದವನ್ನು ಹೇಳಿ ಮಾಡಬೇಕೆಂಬ ನಿಯಮ ಇಲ್ಲಿ ಸೊಗಸಾಗಿ ನಡೆದಿದೆ.

ಹೇಳಿ ಮಾಡಿದಾಗ ದೋಷವು ದೋಷವಲ್ಲ. ಶ್ರುತಿದುಷ್ಟಾದಿಗಳು ಅನಿತ್ಯದೋಷಗಳು, ಎಡೆಯರಿತು ಬಂದರೆ ಗುಣವೇ ಆಗುವುವು ಎಂದು ಆನಂದವರ್ಧನನ ಮತವಷ್ಟೆ. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1977ರಲ್ಲಿ ತೆಗೆದ ‘ಪವರ್ಸ್ ಆಫ್ ಟೆನ್’ ಎಂಬ ಕಿರುಚಿತ್ರವನ್ನು ನೋಡಿರಿ. ಚಿಕಾಗೋ ನಗರದ ಉದ್ಯಾನದಲ್ಲಿ ವನಭೋಜನಕ್ಕೆ ಬಂದವರ ಮೇಲೆ ಒಂದು ಮೀಟರಿನ ಚೌಕದಿಂದ ಮೊದಲಾಗಿ, ಹತ್ತು ಸೆಕೆಂಡಿಗೊಮ್ಮೆ ನೋಟವು ಹತ್ತುಪಟ್ಟು ಹಿಗ್ಗುತ್ತ ನಕ್ಷತ್ರಸಮೂಹಗಳನ್ನು ದಾಟುತ್ತದೆ. ಅಲ್ಲಿ ಬದಲಾಗುವುದು ಮಾನವೇ, ಬದಲಾವಣೆಯೂ ಒಂದೇ ಲಯದ್ದು. ಮಾನಭೇದವೇ ಪ್ರಕ್ರಮವಾಗಿರುವಾಗ ಪ್ರಕ್ರಮಭಂಗವೆಲ್ಲಿಯದು?

ಸ್ಥಿರಮಾನದ ಸತ್ಪ್ರಯೋಗಕ್ಕೆ ಸ್ವೀಡನ್ ದೇಶದ ಹಾನ್ಸ್ ರೋಸ್ಲಿಂಗನ ಹೆಸರನ್ನು ಹೇಳದಿರಲಾಗದು. 2010ರಲ್ಲಿ ಬಿ.ಬಿ.ಸಿ. ಪ್ರಸಾರಮಾಡಿದ ‘ದಿ ಜಾಯ್ ಆಫ್ ಸ್ಟ್ಯಾಟ್ಸ್’ ಎಂಬ ಚಿತ್ರದಲ್ಲಿ ಅವನು ಇನ್ನೂರು ದೇಶಗಳ ಇನ್ನೂರು ವರ್ಷಗಳನ್ನು ನಾಲ್ಕು ನಿಮಿಷಗಳಲ್ಲಿ ನಡೆಸಿಬಿಟ್ಟನು. ಅಡ್ಡಲಾಗಿ ಆದಾಯ: 400, 4000, 40000 ಡಾಲರು. ನಿಲುವಾಗಿ ಆಯುಸ್ಸು: 25ರಿಂದ 75 ವರ್ಷ. 1810ರಲ್ಲಿ ಎಲ್ಲ ದೇಶಗಳೂ ಎಡಗಡೆಯ ಕೆಳಮೂಲೆಯಲ್ಲಿ ಮುದುಡಿಕೊಂಡಿರುತ್ತವೆ. ಮೇಲಿನ ವಿಸ್ತಾರವೆಲ್ಲ ಬರಿದು. ಆ ಬರಿದನ್ನು ಬರಿದಾಗಿಯೇ ಬಿಡುವ ಧೈರ್ಯವೇ ಆ ಚಿತ್ರದ ಪ್ರಾಣವೆಂದು ನನ್ನ ಮತ. ಯಂತ್ರದ ಕೈಗೆ ಬಿಟ್ಟಿದ್ದರೆ 1810ರ ದೇಶಗಳು ಚೌಕಟ್ಟಿನ ತುಂಬ ಹರಡಿಕೊಂಡು, ಮುಂದೆ ಎರಡು ಶತಮಾನ ಏನೂ ಆಗಲಿಲ್ಲವೆಂದು ಕಾಣುತ್ತಿತ್ತು. 1918ರ ಮಹಾಯುದ್ಧ, ಇನ್‌ಫ್ಲುಯೆಂಜಾಗಳ ವರ್ಷದಲ್ಲಿ ಗುಳ್ಳೆಗಳು ಕುಸಿದು ಮೇಲೇಳುವುದನ್ನು ಕಂಡು ಎದೆ ನಡುಗುವುದು ಮಾನವು ನಡುಗದಿರುವುದರಿಂದಲೇ. ಒಂದು ಆಕ್ಷೇಪವನ್ನು ಮಾತ್ರ ಬಿಡಲಾರೆ. ಅಡ್ಡಗೆರೆಯ ಮೇಲೆ ಹತ್ತುಪಟ್ಟಿಗೆ ಒಂದೊಂದು ಮೆಟ್ಟಿಲಾಗಿರುವ ಲಘುಗಣಕಮಾನವಿರುವುದರಿಂದ, ಬಲಗಡೆಯ ಸಿರಿವಂತರ ನಡುವಣ ಸಾವಿರಾರು ಡಾಲರುಗಳ ಅಂತರವು ಕುಗ್ಗಿ, ಜಗತ್ತು ಒಟ್ಟುಗೂಡುತ್ತಿದೆಯೆಂಬ ಭಾವನೆಯು ಇರುವುದಕ್ಕಿಂತ ಸ್ವಲ್ಪ ಹೆಚ್ಚಾಗಿ ಹುಟ್ಟುತ್ತದೆ. ಆದರೆ ಮೊದಲಿನಿಂದ ಕೊನೆಯವರೆಗೆ ಅದು ಒಂದೇ ಮಾನ, ಒಡಂಬಡಿಕೆ ಮುರಿಯಲಿಲ್ಲ.

ಇನ್ನು ಕನ್ನಡಿಗರ ಮನಸ್ಸಿಗೆ ಹತ್ತಿರವಾದ ಒಂದು ಚಿತ್ರವನ್ನು ವಿಚಾರಿಸಬೇಕಾಗಿದೆ. 2019ರಲ್ಲಿ ಪಟ್ಟಿಕೆಗಳ ಪಂದ್ಯವೆನ್ನಬಹುದಾದ ಒಂದು ಬಗೆಯ ಸಚಲಚಿತ್ರವು ಲೋಕವನ್ನೆಲ್ಲ ಮರುಳುಮಾಡಿತು. ಹತ್ತು ಹೆಸರುಗಳು, ಹತ್ತು ಅಡ್ಡಪಟ್ಟಿಕೆಗಳು. ವರ್ಷಗಳು ಉರುಳಿದಂತೆ ಒಂದನ್ನೊಂದು ಹಿಂದಿಕ್ಕಿ ಮೇಲೇರುತ್ತವೆ. ಲಂಡನ್ನಿನ ಪತ್ರಿಕಾಕರ್ತ ಜಾನ್ ಬರ್ನ್-ಮರ್ಡಾಕನು ಆ ವರ್ಷ ರಚಿಸಿದ ನಗರಗಳ ಪಂದ್ಯವು 1500ರಿಂದ ಮೊದಲಾಗುತ್ತದೆ. ಅಲ್ಲಿ ಮೊದಲನೆಯದು ಬೀಜಿಂಗ್, 6 ಲಕ್ಷ 72 ಸಾವಿರ. ಎರಡನೆಯದು ನಮ್ಮ ವಿಜಯನಗರ, 5 ಲಕ್ಷ. ಹಳೆಯ ನಗರಗಳ ಇಂಥ ಅಂಕಿಗಳು ಟರ್ಷಿಯಸ್ ಚಾಂಡ್ಲರನು 1987ರ ತನ್ನ ಗ್ರಂಥದಲ್ಲಿ ಕೂಡಿಹಾಕಿದ ಅಂದಾಜುಗಳು; ಜನಗಣತಿಯಲ್ಲ. ಹಂಪೆಯ ಹೆಸರನ್ನು ಅಷ್ಟು ಮೇಲೆ ಕಂಡು ಹಿಗ್ಗಿದವರಲ್ಲಿ ನಾನೂ ಒಬ್ಬನು. ಹಿಗ್ಗಲಿ, ಆದರೆ ಪಟ್ಟಿಕೆಯ ಉದ್ದವನ್ನು ಪರೀಕ್ಷಿಸದೆ ಹಿಗ್ಗಬಾರದು.

ಈ ಚಿತ್ರದಲ್ಲಿ ಮೊದಲನೆಯ ಸ್ಥಾನದ ಪಟ್ಟಿಕೆಯು ಸದಾ ಚೌಕಟ್ಟಿನ ಪೂರ್ತಿ ಅಗಲವನ್ನು ಆಕ್ರಮಿಸಿರುತ್ತದೆ. 1500ರ ಬೀಜಿಂಗೂ ಪೂರ್ತಿ, 2018ರ ಟೋಕಿಯೋವೂ ಪೂರ್ತಿ. ಟೋಕಿಯೋ ಮಹಾನಗರದ ಜನಸಂಖ್ಯೆಯಾದರೋ ಸುಮಾರು ಮೂರು ಕೋಟಿ ಎಪ್ಪತ್ತೈದು ಲಕ್ಷ. ಹೀಗಾಗಿ ಮೊದಲ ಕ್ಷಣದಲ್ಲಿ ವಿಜಯನಗರವು ಚೌಕಟ್ಟಿನ ಮುಕ್ಕಾಲು ಪಾಲು ಉದ್ದವಾಗಿ ಕಾಣುತ್ತದೆ. ಅದೇ ಐದು ಲಕ್ಷವು ಕೊನೆಯ ಕ್ಷಣದ ಮಾನದಲ್ಲಿ ಎಪ್ಪತ್ತೈದರಲ್ಲಿ ಒಂದು ಪಾಲು, ಕೂದಲೆಳೆ. ಐನೂರು ವರ್ಷಗಳ ಚರಿತ್ರೆಯಲ್ಲಿ ನಿಜವಾಗಿ ನಡೆದ ಅದ್ಭುತವೆಂದರೆ ನಗರಗಳು ಹೀಗೆ ಊದಿಕೊಂಡದ್ದು. ಆ ಅದ್ಭುತವೊಂದೇ ಆ ಚಿತ್ರದಲ್ಲಿ ಕಾಣುವುದಿಲ್ಲ. ಕಾಣುವುದು ಸ್ಥಾನಪಲ್ಲಟ, ಅಂದರೆ ಯಾರು ಯಾರಿಗಿಂತ ಮೇಲೆ ಎಂಬುದಷ್ಟೆ. ಸ್ಥಾನವನ್ನು ಮಾತ್ರ ಹೇಳಬೇಕಿದ್ದರೆ ಹೆಸರುಗಳನ್ನು ಸಾಲಾಗಿ ಬರೆದರೆ ಸಾಕು, ಪಟ್ಟಿಕೆಯ ಉದ್ದ ವ್ಯರ್ಥ. ಉದ್ದವನ್ನು ಕೊಟ್ಟಮೇಲೆ ಅದು ಪ್ರಮಾಣವನ್ನು ಹೇಳಬೇಕು, ಇಲ್ಲವಾದರೆ ಅಸತ್ಯ.

ಹಾಗೆಂದು ಮಾನವನ್ನು ಟೋಕಿಯೋವಿಗೆ ಕಟ್ಟಿ ನಿಲ್ಲಿಸಿದರೆ ಎಲ್ಲವೂ ಸರಿಹೋಗುವುದೆ? ಆಗ 1500ರಲ್ಲಿ ಹತ್ತು ನಗರಗಳೂ ಎಡಗಡೆಯ ಅಂಚಿನಲ್ಲಿ ಹತ್ತು ಚುಕ್ಕೆಗಳಾಗಿ, ವಿಜಯನಗರವನ್ನು ಕೈರೋವಿನಿಂದ ಬೇರ್ಪಡಿಸಿ ನೋಡಲಾಗದು. ಚಿತ್ರದ ಬಹುಭಾಗದಲ್ಲಿ ನೋಡುವುದಕ್ಕೇ ಏನೂ ಇರದು. ಸ್ಥಿರತೆಯೊಂದನ್ನೇ ವಿಧಿಯೆಂದು ಹೇಳುವವರು ಈ ತೊಡಕನ್ನು ಮರೆಯುತ್ತಾರೆ. ವಸ್ತುವು ನೂರುಪಟ್ಟು ಬೆಳೆಯುವಲ್ಲಿ ಸಮಮಾನವು ಆದಿಯನ್ನೋ ಅಂತ್ಯವನ್ನೋ ಬಲಿಗೊಡುತ್ತದೆ. 2020ರ ಮಾರ್ಚಿಯಲ್ಲಿ ಆತಿಶ್ ಭಾಟಿಯಾ ಮತ್ತು ಹೆನ್ರಿ ರೈಕ್ ಎಂಬಿಬ್ಬರು ಕೋವಿಡ್ ವ್ಯಾಧಿಯ ಹಬ್ಬುವಿಕೆಯನ್ನು ತೋರಿಸಲು ಎರಡು ಅಕ್ಷಗಳನ್ನೂ ಲಘುಗಣಕಮಾನದಲ್ಲಿಟ್ಟು ನಿಲ್ಲಿಸಿದುದು ಇದಕ್ಕಾಗಿಯೇ; ಅಲ್ಲಿ ವ್ಯಾಧಿ ಹಬ್ಬುತ್ತಿರುವ ದೇಶಗಳೆಲ್ಲ ಒಂದೇ ಓರೆಗೆರೆಯ ಮೇಲೆ ಸಾಗುತ್ತವೆ, ಹತೋಟಿಗೆ ತಂದ ದೇಶವು ಥಟ್ಟನೆ ಕೆಳಗೆ ಬೀಳುತ್ತದೆ.

ನಗರಗಳಿಗೂ ಅದೇ ಮಾರ್ಗವು ಯುಕ್ತ. ಆದರೆ ಪಟ್ಟಿಕೆಯನ್ನು ಬಿಡಬೇಕು. ಪಟ್ಟಿಕೆಯು ಸೊನ್ನೆಯಿಂದ ಹೊರಡುವ ಉದ್ದ. ಲಘುಗಣಕಮಾನದಲ್ಲಿ ಸೊನ್ನೆಯೇ ಇಲ್ಲವಾದುದರಿಂದ ಅದರ ಉದ್ದಕ್ಕೆ ಅರ್ಥವಿಲ್ಲ. ಚುಕ್ಕೆಗಳನ್ನಿಡಬೇಕು. ಹನ್ನೆರಡಂಗುಲದ ಅಕ್ಷದ ಮೇಲೆ ಹತ್ತು ಸಾವಿರದಿಂದ ಹತ್ತು ಕೋಟಿಯವರೆಗೆ, ಹತ್ತುಪಟ್ಟಿಗೆ ಮೂರಂಗುಲದಂತೆ ಗುರುತುಮಾಡಿದರೆ, ವಿಜಯನಗರವು 5.1 ಅಂಗುಲದಲ್ಲಿ, ಬೀಜಿಂಗು ಸುಮಾರು 5.5ರಲ್ಲಿ, ಟೋಕಿಯೋ 10.7ರಲ್ಲಿ ಬೀಳುತ್ತವೆ. ಮೂರೂ ಕಾಣುತ್ತವೆ, ಮೂರರ ಅಂತರವೂ ಒಂದೇ ಮಾತನ್ನು ಹೇಳುತ್ತದೆ. ಎಲ್ಲೆಗಳನ್ನು ಗೊತ್ತುಮಾಡುವುದಕ್ಕೆ ಅಂಕಿಗಳನ್ನೆಲ್ಲ ಮೊದಲೊಂದು ಸಲ ಆದ್ಯಂತವಾಗಿ ಓದಿಸಿ, ಕನಿಷ್ಠವನ್ನೂ ಗರಿಷ್ಠವನ್ನೂ ಹಿಡಿದು, ಆಮೇಲೆ ಎರಡನೆಯ ಸಲ ಚಿತ್ರಗಳನ್ನು ಬರೆಯಿಸಬೇಕು. ಗ್ರಂಥವನ್ನು ಪೂರ್ತಿ ಓದಿ ಮುಗಿಸಿದ ಮೇಲೆ ವ್ಯಾಖ್ಯಾನಕ್ಕೆ ಕೈಹಾಕಿದಂತೆ. ಗೆರೆಗೆ ಬದಲಾಗಿ ಬಣ್ಣದಿಂದ ಪ್ರಮಾಣವನ್ನು ತೋರಿಸುವಲ್ಲಿ ಬಣ್ಣದ ಎಲ್ಲೆಗಳಿಗೂ ಇದೇ ವಿಧಿ. ಅಲ್ಲಿ ಮರೆಯುವವರು ಇನ್ನೂ ಹೆಚ್ಚು.

ಪಂದ್ಯದ ಚಿತ್ರದಲ್ಲಿ ಹದಿನಾರನೆಯ ಶತಮಾನವು ಮುಗಿಯುವುದರೊಳಗೆ ವಿಜಯನಗರದ ಪಟ್ಟಿಕೆಯು ಕೆಳಗೆ ಜಾರಿ, ಚೌಕಟ್ಟಿನಿಂದ ಮಾಯವಾಗಿ, ಆ ಎಡೆಗೆ ಮತ್ತೊಂದು ಹೆಸರು ಬಂದು ಕೂರುತ್ತದೆ. 1565ರಲ್ಲಿ ಏನಾಯಿತೆಂಬುದಕ್ಕೆ ಅಲ್ಲಿ ಗುರುತೇ ಉಳಿಯದು. ಸ್ಥಿರಮಾನದ ಚಿತ್ರದಲ್ಲಿ ಹಾಗಾಗಬೇಕಿಲ್ಲ. ಅಳಿದ ನಗರದ ಚುಕ್ಕೆಯನ್ನು ತೆಗೆದುಹಾಕದೆ, ಅದು ಕೊನೆಗೆ ನಿಂತಿದ್ದ ಸ್ಥಾನದಲ್ಲಿಯೇ ಒಳಗೆ ಬರಿದಾದ ಉಂಗುರವಾಗಿ ಬಿಡಬಹುದು. ಉಳಿದ ಚುಕ್ಕೆಗಳು ಅದನ್ನು ದಾಟಿ ಬಲಕ್ಕೆ ಹೋಗುವುದು 2018ರವರೆಗೂ ಕಾಣುತ್ತಿರುತ್ತದೆ.